ಬಡ್ಡಿ ದರದ ಘೋಷಣೆಗೆ ಮುಂಚಿನ ವಾರ: ಷೇರು ಇಟ್ಟವರು ಮಾಡಬೇಕಾದ್ದು, ಬಿಡಬೇಕಾದ್ದು

ಮೈಸೂರಿನ ಸರಸ್ವತಿಪುರಂನಲ್ಲಿ ನನ್ನದೊಂದು ಪುಟ್ಟ ಆಫೀಸು. ಜನರ ಆದಾಯ ತೆರಿಗೆ ರಿಟರ್ನ್ ತುಂಬಿಕೊಡುವುದು ಕಸುಬು. ಎರಡು ತಿಂಗಳಿಗೊಮ್ಮೆ, ರಿಸರ್ವ್ ಬ್ಯಾಂಕಿನ ಸಭೆ ಹತ್ತಿರ ಬಂತೆಂದರೆ, ತೆರಿಗೆಯ ಮಾತು ಪಕ್ಕಕ್ಕೆ ಸರಿದು ಬೇರೆಯದೇ ಪ್ರಶ್ನೆ ಶುರುವಾಗುತ್ತದೆ. 2025ರ ಜೂನ್ ಮೊದಲ ವಾರ ಹಾಗೆ ಬಂದವರು ಒಬ್ಬ ನಿವೃತ್ತ ಗಣಿತದ ಮೇಷ್ಟ್ರು. ಒದ್ದೆ ಕೊಡೆಯನ್ನು ಬಾಗಿಲ ಮೂಲೆಗೆ ಒರಗಿಸಿ, ಕೂರುವ ಮುಂಚೆಯೇ ಕೇಳಿದರು: “ಶುಕ್ರವಾರ ಆರ್‌ಬಿಐ ಮೀಟಿಂಗ್ ಅಂತಲ್ಲಪ್ಪ, ಎಲ್ಲ ಮಾರಿ ಹಾಕಿಬಿಡ್ಲಾ?”

“ಆ ದುಡ್ಡು ನಿಮಗೆ ಯಾವಾಗ ಬೇಕು ಮೇಷ್ಟ್ರೆ?”

“ಅದನ್ನ ಯೋಚನೆ ಮಾಡಿಲ್ಲ.”

ಅವರಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಒಂದಿಷ್ಟು ಲಕ್ಷ ಷೇರಿನಲ್ಲೋ ಮ್ಯೂಚುವಲ್ ಫಂಡಿನಲ್ಲೋ ಇದೆ, ದಿನವೂ ಕೊಂಡು ಮಾರುವ ಚಟವಿಲ್ಲ, ಆದರೆ ಟಿ.ವಿ.ಯಲ್ಲಿ ಕೆಂಪು ಪಟ್ಟಿ ಓಡಿದರೆ ಹೊಟ್ಟೆಯೊಳಗೆ ಕಸಿವಿಸಿ. ಬಡ್ಡಿ ಏರುತ್ತದೋ ಇಳಿಯುತ್ತದೋ ಎಂದು ನಾನು ಹೇಳಲಾರೆ. ಅದು ಗೊತ್ತಿಲ್ಲದೆಯೂ ಆ ವಾರ ಮಾಡಿ ಮುಗಿಸಬಹುದಾದ ಕೆಲಸಗಳಿವೆ, ಅವನ್ನು ಹೇಳಬಲ್ಲೆ.

ಕ್ಯಾಲೆಂಡರಿಗೆ ಮೊದಲು ಗುರುತು

ಬಡ್ಡಿ ತೀರ್ಮಾನಿಸುವುದು ಹಣಕಾಸು ನೀತಿ ಸಮಿತಿ. ಆರು ಜನ: ಮೂವರು ರಿಸರ್ವ್ ಬ್ಯಾಂಕಿನವರು, ಮೂವರು ಕೇಂದ್ರ ಸರ್ಕಾರ ನೇಮಿಸಿದ ಹೊರಗಿನವರು. ಮತ ಸಮವಾದರೆ ಗವರ್ನರ್ ಇನ್ನೊಂದು ಮತ ಹಾಕುತ್ತಾರೆ. 2016ರಿಂದ ಈ ಏರ್ಪಾಡು. ಕಾನೂನಿನ ಪ್ರಕಾರ ವರ್ಷಕ್ಕೆ ಕನಿಷ್ಠ 4 ಸಭೆ, ರೂಢಿಯಲ್ಲಿ 6. ಸಭೆ ಮೂರು ದಿನ ನಡೆಯುತ್ತದೆ. ಮೂರನೆಯ ದಿನ ಬೆಳಿಗ್ಗೆ 10ಕ್ಕೆ ಗವರ್ನರ್ ಓದಿ ಹೇಳುತ್ತಾರೆ. ಇಡೀ ಹಣಕಾಸು ವರ್ಷದ ತಾರೀಖುಗಳು ಮೊದಲೇ ಪ್ರಕಟವಾಗಿರುತ್ತವೆ. ಗೋಡೆಯ ಕ್ಯಾಲೆಂಡರಿನಲ್ಲಿ, ಗ್ಯಾಸ್ ಬುಕ್ ಮಾಡಿದ ದಿನ ಬರೆದಿಡುತ್ತೀರಲ್ಲ, ಅದರ ಪಕ್ಕದಲ್ಲೇ ಇವನ್ನೂ ಬರೆದಿಡಿ.

(ನೋಟು ಅಚ್ಚಾಗುವುದು ನಮ್ಮ ಮೇಟಗಳ್ಳಿಯಲ್ಲಿ, ಆ ನೋಟಿಗೆ ಬಡ್ಡಿ ಎಷ್ಟೆಂದು ಗೊತ್ತುಮಾಡುವುದು ಮುಂಬೈಯಲ್ಲಿ. ಮೈಸೂರಿನವರಿಗೆ ಇದೊಂದು ಹಳೆಯ ತಮಾಷೆ.)

ಅಮೆರಿಕದ ಫೆಡರಲ್ ರಿಸರ್ವ್‌ನ ಸಭೆಗಳೂ ನಮ್ಮ ಪೇಟೆಯನ್ನು ಅಲ್ಲಾಡಿಸುತ್ತವೆ. ಅವು ವರ್ಷಕ್ಕೆ 8. ಅಲ್ಲಿ ಮಧ್ಯಾಹ್ನ 2ಕ್ಕೆ ತೀರ್ಮಾನ ಹೊರಬಿದ್ದರೆ ಇಲ್ಲಿ ಅವರ ಬೇಸಿಗೆಯಲ್ಲಿ ರಾತ್ರಿ 11.30, ಚಳಿಗಾಲದಲ್ಲಿ 12.30. ನಮ್ಮ 6, ಅವರ 8 ಸೇರಿಸಿದರೆ ವರ್ಷಕ್ಕೆ 14 ಸಲ ‘ಏನಾಗುತ್ತದೋ’ ಎನ್ನುವ ದಿನ. ಪ್ರತಿ ಸಲ ಮಾರಿ, ಆಮೇಲೆ ಕೊಳ್ಳುತ್ತೇನೆ ಎನ್ನುವವರ ಕಥೆ ನನ್ನ ಮೇಜಿಗೆ ಜುಲೈ ತಿಂಗಳಲ್ಲಿ ಬರುತ್ತದೆ. ಬಂಡವಾಳ ಲಾಭದ ಪಟ್ಟಿಯೇ ಹದಿನೈದು ಇಪ್ಪತ್ತು ಹಾಳೆ. ವರ್ಷ ತುಂಬುವ ಮೊದಲೇ ಮಾರಿದ ಷೇರಿನ ಲಾಭಕ್ಕೆ ಶೇ 20 ತೆರಿಗೆ. ವರ್ಷ ದಾಟಿಸಿದ್ದರೆ ಶೇ 12.5, ಅದೂ ವರ್ಷದ ಮೊದಲ 1.25 ಲಕ್ಷ ರೂಪಾಯಿ ಲಾಭ ಬಿಟ್ಟು. ಷೇರು ಡಿಮ್ಯಾಟ್ ಖಾತೆಗೆ ಬರುವಾಗ, ಹೋಗುವಾಗ ಎರಡೂ ಸಲ ಶೇ 0.1 ವಹಿವಾಟು ತೆರಿಗೆ ಬೇರೆ. ಹೀಗೆ ಓಡಾಡಿದವರ ಪಟ್ಟಿ ಕೂಡಿಸಿ ನೋಡಿದಾಗ ಬ್ರೋಕರ್ ಮತ್ತು ಸರ್ಕಾರಕ್ಕೆ ಸಂದದ್ದು ಖಚಿತವಾಗಿ ಕಾಣುತ್ತದೆ. ಅವರಿಗೆ ಉಳಿದದ್ದನ್ನು ಹುಡುಕಬೇಕಾಗುತ್ತದೆ.

ಪೇಟೆಗೆ ಏನು ಮೊದಲೇ ಗೊತ್ತಿದೆ?

ಇದೇ ನಿಜವಾದ ಕೆಲಸ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಮಂಡ್ಯದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕನ್ನಂಬಾಡಿ ಕಟ್ಟೆಯ ಪೂರ್ಣ ಮಟ್ಟ 124.80 ಅಡಿ. ನೀರು ಅದರ ಹತ್ತಿರ ಬರುತ್ತಿದೆ ಎಂದು ಪೇಪರಿನಲ್ಲಿ ಬಂದ ದಿನವೇ ವಿ.ಸಿ. ನಾಲೆ ಬಯಲಿನವರು ಒಟ್ಲು ಬಿಡಲು ಗದ್ದೆ ಹದ ಮಾಡುತ್ತಾರೆ, ಬಿತ್ತನೆ ಭತ್ತಕ್ಕೆ ಅಂಗಡಿಯ ಮುಂದೆ ನಿಲ್ಲುತ್ತಾರೆ, ಉಳುವ ಟ್ರ್ಯಾಕ್ಟರಿಗೆ ಮುಂಗಡ ಕೊಡುತ್ತಾರೆ. ಆಮೇಲೆ ಒಂದು ದಿನ ನಾಲೆಗೆ ನೀರು ಬಿಟ್ಟಾಗ ಊರಲ್ಲಿ ಗದ್ದಲವೇನೂ ಆಗುವುದಿಲ್ಲ. ಆಗಬೇಕಾದ್ದೆಲ್ಲ ಆಗಿಹೋಗಿರುತ್ತದೆ. ಆದರೆ ‘ಈ ಸಲ ಕಟ್ಟು ಪದ್ಧತಿಯಲ್ಲಿ ಮಾತ್ರ ನೀರು’, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುತ್ತೇವೆ, ಎಂದು ಹೇಳಲಿ ನೋಡಿ, ಆಗ ಕಟ್ಟೆಯಲ್ಲಿ ನೀರು ತುಂಬಿದ್ದರೂ ಬಯಲಿನವರ ಮುಖ ಬಾಡುತ್ತದೆ. ಅಂದುಕೊಂಡದ್ದಕ್ಕೂ ಆದದ್ದಕ್ಕೂ ನಡುವಿನ ಅಂತರವೇ ಸುದ್ದಿ.

ಷೇರು ಪೇಟೆಯೂ ಹೀಗೆ. ಬಡ್ಡಿ ಇಳಿದರೆ ಷೇರು ಏರಬೇಕು, ಏರಿದರೆ ಇಳಿಯಬೇಕು ಎನ್ನುವುದು ಪುಸ್ತಕದ ಲೆಕ್ಕ. ಈಚಿನ ವರ್ಷಗಳ ಮೂರು ದಿನ ತೆಗೆದು ನೋಡಿ.

2025ರ ಫೆಬ್ರುವರಿ 7. ಹತ್ತಿರ ಹತ್ತಿರ ಐದು ವರ್ಷಗಳಾದ ಮೇಲೆ ಮೊದಲ ಸಲ ರೆಪೊ ದರ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ) ಇಳಿಯಿತು, ಶೇ 6.50ರಿಂದ 6.25ಕ್ಕೆ. ಸಿಹಿ ಹಂಚಬೇಕಾದ ದಿನ. ಸೆನ್ಸೆಕ್ಸ್ ಸುಮಾರು 200 ಅಂಶ ಇಳಿದು ಮುಗಿಯಿತು. ಇಷ್ಟು ಇಳಿಯುತ್ತದೆ ಎಂದು ಎಲ್ಲರೂ ಮೊದಲೇ ಎಣಿಸಿದ್ದರು. ಎಣಿಕೆಯ ಬೆಲೆ ಷೇರುಗಳಲ್ಲಿ ಆಗಲೇ ಸೇರಿತ್ತು.

ಅದೇ ವರ್ಷದ ಜೂನ್ 6, ಮೇಷ್ಟ್ರು ಕೇಳಿದ ಶುಕ್ರವಾರ. ಬಹುಪಾಲು ಜನರ ಎಣಿಕೆ ಶೇ 0.25ರಷ್ಟು ಇಳಿಕೆ. ಬಂದದ್ದು 0.50, ರೆಪೊ ಶೇ 5.50ಕ್ಕೆ ಬಂತು. ಅದರ ಮೇಲೆ, ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಲ್ಲಿ ಇಡಬೇಕಾದ ನಗದು ಮೀಸಲು ಅನುಪಾತವನ್ನು ನಾಲ್ಕು ಕಂತಿನಲ್ಲಿ ಶೇ 4ರಿಂದ 3ಕ್ಕೆ ಇಳಿಸುವುದಾಗಿಯೂ ಹೇಳಿದರು. ಸೆನ್ಸೆಕ್ಸ್ 700 ಅಂಶಕ್ಕೂ ಹೆಚ್ಚು ನೆಗೆಯಿತು. ಆದರೆ ಅದೇ ಭಾಷಣದಲ್ಲಿ ಸಮಿತಿಯ ನಿಲುವನ್ನು ‘ಹೊಂದಾಣಿಕೆ’ಯಿಂದ ‘ತಟಸ್ಥ’ಕ್ಕೆ ಬದಲಿಸಿದ್ದರು. ಇನ್ನು ಮುಂದೆ ಇಳಿಸಲು ಹೆಚ್ಚು ಜಾಗವಿಲ್ಲ ಎಂದು ಸಾಲಪತ್ರದ (ಬಾಂಡ್) ಪೇಟೆ ಅದನ್ನು ಓದಿಕೊಂಡಿತು. ಒಂದೇ ಘೋಷಣೆ, ಷೇರಿನವರಿಗೆ ಹಬ್ಬ, ದೀರ್ಘಾವಧಿ ಸಾಲಪತ್ರದವರಿಗೆ ಸಪ್ಪೆ.

ಮೂರನೆಯದು 2022ರ ಮೇ 4. ಆ ದಿನ ಸಭೆಯ ಪಟ್ಟಿಯಲ್ಲೇ ಇರಲಿಲ್ಲ. ಹಿಂದಿನ ದಿನ ಅಕ್ಷಯ ತೃತೀಯ, ರಂಜಾನ್ ಎರಡೂ. ಎಲ್‌ಐಸಿಯ ಷೇರು ಸಾರ್ವಜನಿಕರಿಗೆ ತೆರೆದದ್ದು ಆವತ್ತೇ. ಪೇಟೆಯ ಗಮನವೆಲ್ಲ ಅತ್ತ. ಮಧ್ಯಾಹ್ನ 2ಕ್ಕೆ ಆಗಿನ ಗವರ್ನರ್ ಶಕ್ತಿಕಾಂತ ದಾಸ್ ಪರದೆಯ ಮೇಲೆ ಬಂದು ರೆಪೊ ದರವನ್ನು ಶೇ 4ರಿಂದ 4.40ಕ್ಕೆ ಏರಿಸಿದ್ದೇವೆ ಎಂದರು. ಸೆನ್ಸೆಕ್ಸ್ ಸುಮಾರು 1,300 ಅಂಶ ಕುಸಿಯಿತು.

ಆವತ್ತು ನಾನು ಮಂಡ್ಯದ ಒಂದು ಛತ್ರದಲ್ಲಿದ್ದೆ. ಚಿಕ್ಕಪ್ಪನ ಮಗನ ನಿಶ್ಚಿತಾರ್ಥ. ಎರಡನೇ ಪಂಕ್ತಿಯಲ್ಲಿ ಕೂತು ಕೋಸಂಬರಿ ಬಡಿಸಿದ್ದಾರೆ, ಅಷ್ಟರಲ್ಲಿ ಫೋನ್ ಗುಂಯ್ ಗುಂಯ್ ಅನ್ನತೊಡಗಿತು. ಬಲಗೈ ಎಲೆಯ ಮೇಲೆ, ಎಡಗೈಯಲ್ಲಿ ಫೋನು. ಒಂದೊಂದೇ ಷೇರನ್ನು ಸಿಕ್ಕಿದ ಬೆಲೆಗೆ ಮಾರಿದೆ. “ಏನ್ಲಾ, ಎಲೆ ಮುಂದೆ ಕುಂತ್ಕಂಡು ಫೋನ್ ತಿಕ್ತಾ ಇದ್ದೀಯ? ಪಾಯ್ಸ ಬತ್ತಾ ಐತೆ ನೋಡು,” ಎಂದು ಚಿಕ್ಕಪ್ಪ ಗದರಿದರು. ಪಾಯಸ ಬರುವಷ್ಟರಲ್ಲಿ ನನ್ನ ಖಾತೆ ಖಾಲಿ.

ಆ ದಿನ ಸೆನ್ಸೆಕ್ಸ್ ಮುಗಿದದ್ದು 55,669ರಲ್ಲಿ. ಜೂನ್ 17ರ ಹೊತ್ತಿಗೆ 51,360ಕ್ಕೆ ಬಂತು. ನೋಡಿದೆಯಾ ನನ್ನ ಜಾಣತನ ಎಂದು ಮನೆಯಲ್ಲಿ ಹೇಳಿಕೊಂಡು ತಿರುಗಿದೆ. ಇನ್ನೂ ಇಳಿಯಲಿ, ಆಮೇಲೆ ಕೊಳ್ಳೋಣ ಎಂದು ಕಾದೆ. ಜುಲೈಯಲ್ಲಿ ಏರಿದಾಗ ‘ಇದು ಸುಳ್ಳು ಏರಿಕೆ’ ಎಂದೆ. ಬಡ್ಡಿ ಜೂನ್, ಆಗಸ್ಟ್, ಸೆಪ್ಟೆಂಬರ್‌ಗಳಲ್ಲಿ ಏರುತ್ತಲೇ ಹೋಯಿತು, ಪೇಟೆಯೂ ಏರುತ್ತಲೇ ಹೋಯಿತು. ಡಿಸೆಂಬರ್ 1ಕ್ಕೆ ಸೆನ್ಸೆಕ್ಸ್ 63 ಸಾವಿರ ದಾಟಿತ್ತು, ನಾನು ಆಚೆಯೇ ನಿಂತಿದ್ದೆ. ಮಾರಿದ್ದು ತಪ್ಪಾಗಿರಲಿಲ್ಲ ಎನ್ನುವುದೇ ಇದರ ತಮಾಷೆ. ಹೊರಗೆ ಬರುವುದಕ್ಕೆ ಒಂದು ಸಲ, ಒಳಗೆ ಹೋಗುವುದಕ್ಕೆ ಒಂದು ಸಲ, ಎರಡು ಸಲ ಸರಿಯಾಗಿ ಊಹಿಸಬೇಕು. ಒಂದರಲ್ಲಿ ಗೆದ್ದು ಬೀಗುವಾಗ ಇನ್ನೊಂದು ಕೈತಪ್ಪಿ ಹೋಗುತ್ತದೆ.

ಸರಿ, ಇದರಿಂದ ನೀವು ಮಾಡಬೇಕಾದ್ದು ಏನು? ಸಭೆಗೆ ನಾಲ್ಕೈದು ದಿನ ಮುಂಚೆ ಎರಡು ಪತ್ರಿಕೆಗಳ ವಾಣಿಜ್ಯ ಪುಟ ಓದಿ. ಅರ್ಥಶಾಸ್ತ್ರಜ್ಞರ ಸಮೀಕ್ಷೆ ಬಂದಿರುತ್ತದೆ. ಹತ್ತರಲ್ಲಿ ಎಂಟು ಜನ ‘ಯಥಾಸ್ಥಿತಿ’ ಎನ್ನುತ್ತಿದ್ದರೆ ಯಥಾಸ್ಥಿತಿ ಈಗಾಗಲೇ ಬೆಲೆಯಲ್ಲಿದೆ. ಒಂದು ಹಾಳೆಯಲ್ಲಿ ಎರಡೇ ಸಾಲು ಬರೆಯಿರಿ: ಎಲ್ಲರೂ ಏನು ನಿರೀಕ್ಷಿಸುತ್ತಿದ್ದಾರೆ, ಏನಾದರೆ ಅವರಿಗೆ ಅಚ್ಚರಿಯಾಗುತ್ತದೆ. ಹಣದುಬ್ಬರದ ಅಂಕಿಯನ್ನೂ ಪಕ್ಕದಲ್ಲಿ ಹಾಕಿಕೊಳ್ಳಿ. ಸಮಿತಿಗೆ ಕೊಟ್ಟಿರುವ ಗುರಿ ಶೇ 4, ಎರಡು ಕಡೆಗೂ ಶೇ 2ರಷ್ಟು ಸಡಿಲ. ಅಂಕಿ 6ರ ಹತ್ತಿರವಿದ್ದಾಗ ದರ ಇಳಿಕೆಯ ಕನಸು ಕಾಣುವವರನ್ನು ನಂಬಬೇಡಿ. ಹಾಳೆಯನ್ನು ಮಡಚಿಡಿ. ಘೋಷಣೆಯ ದಿನ ಇದು ಬೇಕಾಗುತ್ತದೆ.

ದುಡ್ಡನ್ನು ತಾರೀಖಿನ ಪ್ರಕಾರ ಬಿಡಿಸಿ

ಮದ್ದೂರಿನಲ್ಲಿ ನನ್ನ ದೊಡ್ಡಮ್ಮನ ಮಗಳಿದ್ದಾಳೆ. ಭಾವ ಕಬ್ಬು ಬೆಳೆಯುತ್ತಾರೆ, ಅಕ್ಕ ಶಾಲೆಯಲ್ಲಿ ಟೀಚರ್. ಅವಳ ಲೆಕ್ಕ ಇರುವುದು ಮಗನ ಹಳೆಯ ಸೈನ್ಸ್ ನೋಟ್‌ಬುಕ್ಕಿನ ಹಿಂಭಾಗದಲ್ಲಿ. ಒಂದು ಸಲ ಆ ಪುಟ ಹೀಗಿತ್ತು: ಸೂಚ್ಯಂಕ ಫಂಡಿನಲ್ಲಿ (ನಿಫ್ಟಿಯಂಥ ಸೂಚ್ಯಂಕದಲ್ಲಿರುವ ಷೇರುಗಳನ್ನೇ ಕೊಳ್ಳುವ ಫಂಡು) 4 ಲಕ್ಷ, ಬ್ಯಾಂಕ್ ಷೇರುಗಳದೇ ಒಂದು ಫಂಡಿನಲ್ಲಿ 2 ಲಕ್ಷ, ಎಫ್‌ಡಿ 3 ಲಕ್ಷ. ಕೆಳಗೆ ಒಂದು ಗೆರೆ. ಗೆರೆಯ ಕೆಳಗೆ ಏನೂ ಇಲ್ಲ.

“ಖರ್ಚು ಎಲ್ಲಕ್ಕಾ?” ಅಂದೆ. ಆಮೇಲೆ ಒಂದೊಂದಾಗಿ ಬಂತು. ಆಗಸ್ಟ್‌ಗೆ ಮಗನ ಎಂಜಿನಿಯರಿಂಗ್ ಫೀಸು ಒಂದೂವರೆ ಲಕ್ಷ. ಬೋರ್‌ವೆಲ್ ಮೋಟರ್ ಯಾವಾಗ ಸುಡುತ್ತದೋ, ಅದಕ್ಕೊಂದು ಐವತ್ತು ಸಾವಿರ. ಮೂರು ವರ್ಷದಾಚೆ ಮಗಳ ಮದುವೆ. ಉಳಿದದ್ದು ಅವಳ ನಿವೃತ್ತಿಗೆ, ಇನ್ನೂ ಹದಿನಾಲ್ಕು ವರ್ಷವಿದೆ. ಮತ್ತೆ ಕಬ್ಬಿನ ಬಿಲ್ಲು? ಕಬ್ಬು ಕಾರ್ಖಾನೆಗೆ ಹೋದ 14 ದಿನದಲ್ಲಿ ದುಡ್ಡು ಬರಬೇಕು ಎನ್ನುವುದು ಕಾನೂನು. ಅಕ್ಕ ನಕ್ಕಳು. ಅದನ್ನು ಪುಟದಲ್ಲಿ ಬರೆಯಲಿಲ್ಲ.

ಒಂದು ವರ್ಷದೊಳಗೆ ಬೇಕಾದ ದುಡ್ಡು ಷೇರಿನಲ್ಲಿ ಇರಬಾರದು. ಸಭೆ ಇರಲಿ, ಇಲ್ಲದಿರಲಿ. ಒಂದರಿಂದ ಮೂರು ನಾಲ್ಕು ವರ್ಷದೊಳಗಿನದಕ್ಕೆ ಎಫ್‌ಡಿ ಅಥವಾ ಅಲ್ಪಾವಧಿಯ ಸಾಲಪತ್ರ ಫಂಡ್ ಸಾಕು. ಐದು ವರ್ಷ ದಾಟಿದ್ದನ್ನು ಶುಕ್ರವಾರ ಬೆಳಿಗ್ಗೆ 10ರ ಭಾಷಣಕ್ಕೆ ಹೆದರಿ ಮುಟ್ಟುವ ಅಗತ್ಯವೇ ಇಲ್ಲ. ಎಸ್‌ಐಪಿ (ತಿಂಗಳು ತಿಂಗಳು ಫಂಡಿಗೆ ಹೋಗುವ ಕಂತು) ಇದ್ದರೆ ಅದರ ಪಾಡಿಗೆ ಅದು ಹೋಗಲಿ.

ಈ ಲೆಕ್ಕದಲ್ಲಿ ಅಕ್ಕನ ಬ್ಯಾಂಕ್ ಫಂಡಿನಿಂದ ಒಂದೂವರೆ ಲಕ್ಷ ತೆಗೆಯಬೇಕಿತ್ತು. ಅವಳಿಗೆ ಮನಸ್ಸಿಲ್ಲ. “ಬಡ್ಡಿ ಇಳುದ್ರೆ ಬ್ಯಾಂಕ್ ಷೇರು ಏರ್ತವೆ ಅಂತಾರಲ್ಲಪ್ಪ. ಒಂದ್ ವಾರ ಕಾದು ನೋಡಾನೇನೊ?”

“ಏರ್ದೆ ಇದ್ರೆ ಕಾಲೇಜಿನವ್ರು ಕಾಯ್ತಾರಾ ಅಕ್ಕ?”

ಸೋಮವಾರವೇ ಮಾರಿದಳು. ಇಂಥ ಮಾರಾಟಕ್ಕೆ ಮೂರು ಸಣ್ಣ ವಿಷಯ ನೋಡಿಕೊಳ್ಳಿ. ಮ್ಯೂಚುವಲ್ ಫಂಡಿಗೆ ಮಧ್ಯಾಹ್ನ 3ರೊಳಗೆ ಕೋರಿಕೆ ಹೋದರೆ ಆವತ್ತಿನ ಬೆಲೆ, ದಾಟಿದರೆ ಮರುದಿನದ್ದು. ದುಡ್ಡು ಬ್ಯಾಂಕಿಗೆ ಬರಲು ಎರಡು ಮೂರು ಕೆಲಸದ ದಿನ ಹಿಡಿಯುತ್ತದೆ (ನೇರ ಷೇರು ಮಾರಿದರೆ ಮರುದಿನ). ಹಲವು ಷೇರು ಫಂಡುಗಳಲ್ಲಿ ವರ್ಷದೊಳಗೆ ಹೊರಬಂದರೆ ಶೇ 1ರಷ್ಟು ಹಿಡಿದುಕೊಳ್ಳುತ್ತಾರೆ, ಹಾಗಾಗಿ ಹಳೆಯ ಯೂನಿಟ್‌ಗಳಿಗೆ ವರ್ಷ ತುಂಬಿದೆಯೇ ನೋಡಿ.

ಸಾಲದ ದುಡ್ಡಿನಲ್ಲಿ ನಿಂತಿದ್ದೀರಾ?

ನಿಂತಿದ್ದರೆ ಇಳಿಯಿರಿ. ಬ್ರೋಕರ್ ಕೊಟ್ಟ ಸಾಲದಲ್ಲಿ ಷೇರು ಕೊಂಡಿದ್ದರೆ, ಘೋಷಣೆಯ ದಿನ ಬೆಲೆ ಕುಸಿದಾಗ ‘ಇನ್ನಷ್ಟು ಮಾರ್ಜಿನ್ ತುಂಬಿ’, ಅಂದರೆ ನಿಮ್ಮ ಪಾಲಿನ ಭದ್ರತೆಯ ದುಡ್ಡು ಹೆಚ್ಚಿಸಿ, ಎಂಬ ಸಂದೇಶ ಬರುತ್ತದೆ. ತುಂಬದಿದ್ದರೆ ಅವರೇ ಮಾರುತ್ತಾರೆ, ಅದೂ ಅತ್ಯಂತ ಕೆಟ್ಟ ಹೊತ್ತಿನಲ್ಲಿ. ನಿಮ್ಮ ಊಹೆ ಸರಿಯೋ ತಪ್ಪೋ ಎಂದು ಗೊತ್ತಾಗುವಷ್ಟು ಸಮಯವನ್ನೂ ಸಾಲ ಕೊಡುವುದಿಲ್ಲ.

ಆಪ್ಷನ್ಸ್ (ಷೇರಿನ, ಸೂಚ್ಯಂಕದ ಮುಂದಿನ ಬೆಲೆಯ ಮೇಲೆ ಕಟ್ಟುವ ಒಪ್ಪಂದ) ಆಡುವ ಹುಡುಗರಿಗೆ ಒಂದು ಮಾತು. ನನ್ನ ಬಳಿ ರಿಟರ್ನ್ ತುಂಬಿಸುವ ಇಪ್ಪತ್ತೈದು ಇಪ್ಪತ್ತಾರರ ಹುಡುಗರು ಈಗೀಗ ಸಂಬಳದ ಜೊತೆ ಎಫ್ ಅಂಡ್ ಓ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ನಷ್ಟವನ್ನೂ ತರುತ್ತಾರೆ. ಷೇರು ಪೇಟೆಯ ನಿಯಂತ್ರಕ ಸೆಬಿಯ ಅಧ್ಯಯನದ ಪ್ರಕಾರ 2021–22ರಿಂದ 2023–24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಈ ವಿಭಾಗದಲ್ಲಿ ವ್ಯವಹರಿಸಿದ ಬಿಡಿ ವ್ಯಾಪಾರಿಗಳ ಪೈಕಿ ಶೇ 93ರಷ್ಟು ಮಂದಿ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ. ಬಡ್ಡಿ ಘೋಷಣೆಯ ದಿನ ಇದರಲ್ಲಿ ಇನ್ನೊಂದು ಗುಂಡಿಯಿದೆ. ಏನೋ ಆಗಲಿದೆ ಎಂದು ಎಲ್ಲರೂ ಕಾಯುವಾಗ ಆಪ್ಷನ್ ಬೆಲೆ, ಅಂದರೆ ಪ್ರೀಮಿಯಂ, ಉಬ್ಬಿರುತ್ತದೆ. ಇಂಡಿಯಾ ವಿಕ್ಸ್ ಎಂಬ ಸೂಚ್ಯಂಕ ಅಳೆಯುವುದು ಈ ಆತಂಕವನ್ನೇ. 200 ರೂಪಾಯಿ ಕೊಟ್ಟು ಒಂದು ಕಾಲ್ ಆಪ್ಷನ್ (ನಿಫ್ಟಿ ಏರಿದರೆ ಲಾಭ ಕೊಡುವಂಥದ್ದು) ಕೊಂಡಿರಿ ಎನ್ನೋಣ. ಘೋಷಣೆಯಾಯಿತು, ನಿಫ್ಟಿ ನೀವೆಣಿಸಿದಂತೆ ಒಂದಿಷ್ಟು ಏರಿತು ಕೂಡ. ಆದರೆ ಗುಟ್ಟು ಬಯಲಾಯಿತಲ್ಲ, ಆತಂಕ ಕರಗಿ ಪ್ರೀಮಿಯಂನ ಗಾಳಿ ಇಳಿಯಿತು. ಕೈಯಲ್ಲಿರುವುದು 160 ರೂಪಾಯಿಯದು. ಊಹೆ ಸರಿಯಾಗಿಯೂ ದುಡ್ಡು ಹೋಯಿತು.

‘ಆರ್‌ಬಿಐ ದಿನದ ಜಾಕ್‌ಪಾಟ್’ ಎಂದು ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪುಗಳಲ್ಲಿ ಕರೆ ಕೊಡುವವರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸೆಬಿ ನೋಂದಣಿ ಸಂಖ್ಯೆ ಕೇಳಿ, ಸೆಬಿಯ ಜಾಲತಾಣದಲ್ಲಿ ಅದು ಅವರದೇನಾ ನೋಡಿ. ದುಡ್ಡು ಹಾಕಿ ಮೋಸಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಯಾವ ಷೇರಿಗೆ ಎಷ್ಟು ಬಿಸಿ

ನಿಫ್ಟಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನ ತೂಕ ಬ್ಯಾಂಕ್ ಮತ್ತು ಹಣಕಾಸು ಕಂಪನಿಗಳದ್ದು. ಸೂಚ್ಯಂಕ ಫಂಡ್ ಇದ್ದರೂ ಬಡ್ಡಿಯ ಮೇಲೆ ಒಂದು ಕಣ್ಣಿಟ್ಟ ಹಾಗೆಯೇ. ದರ ಇಳಿದರೆ ಬ್ಯಾಂಕಿಗೆ ಲಾಭ ಎಂದು ಅಕ್ಕನಂತೆ ಬಹಳ ಜನ ನಂಬಿದ್ದಾರೆ. ಅಷ್ಟು ಸರಳವಲ್ಲ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಹೊಸ ಬದಲಾಗುವ ಬಡ್ಡಿಯ ಗೃಹ ಸಾಲಗಳು ರೆಪೊದಂಥ ಹೊರಗಿನ ಮಾನದಂಡಕ್ಕೆ ಗಂಟು ಬಿದ್ದಿವೆ; ಮೂರು ತಿಂಗಳಿಗೊಮ್ಮೆಯಾದರೂ ಬಡ್ಡಿ ಪರಿಷ್ಕರಣೆ ಆಗಲೇಬೇಕು. ಠೇವಣಿಗೆ ಒಪ್ಪಿದ ಬಡ್ಡಿ ಮಾತ್ರ ಅವಧಿ ಮುಗಿಯುವ ತನಕ ಕದಲುವುದಿಲ್ಲ. ಬರುವ ಬಡ್ಡಿ ಬೇಗ ಇಳಿಯಿತು, ಕೊಡುವ ಬಡ್ಡಿ ನಿಧಾನವಾಗಿ ಇಳಿಯಿತು ಎಂದರೆ ನಡುವೆ ಕೆಲವು ತಿಂಗಳು ಬ್ಯಾಂಕಿನ ಲಾಭಕ್ಕೆ ಕತ್ತರಿ. ಪೇಟೆಯಿಂದ ಸಾಲ ತಂದು ನಿಶ್ಚಿತ ಬಡ್ಡಿಗೆ ಹಂಚುವ ವಾಹನ ಸಾಲದಂಥ ಕಂಪನಿಗಳಿಗೆ ಇದರ ತಿರುವು ಅನುಕೂಲ. ಮನೆ ಕಟ್ಟುವವರು, ಕಾರು ಬೈಕಿನವರು ದರ ಇಳಿದರೆ ಖುಷಿಪಡುತ್ತಾರೆ. ಸಾಬೂನು, ಬಿಸ್ಕತ್ತು, ಔಷಧದವರಿಗೆ ಅಷ್ಟೇನೂ ತಟ್ಟದು. ಐಟಿಯವರ ಕಣ್ಣು ಮುಂಬೈಗಿಂತ ವಾಷಿಂಗ್ಟನ್ ಕಡೆಗೇ.

ನಿಮ್ಮ ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಬಗೆಯ ಷೇರಿನಲ್ಲಿದ್ದರೆ ಅದನ್ನು ಸಡಿಲಿಸಲು ಈ ವಾರ ಒಂದು ನೆಪ ಸಿಕ್ಕಿತೆಂದುಕೊಳ್ಳಿ.

ಎಫ್‌ಡಿ, ಸಾಲಪತ್ರ ಫಂಡ್

ದರ ಇಳಿಯುವ ಮಾತು ಜೋರಾಗಿದ್ದರೆ, ಹೇಗೂ ಎಫ್‌ಡಿ ಮಾಡಬೇಕೆಂದಿದ್ದವರು ಘೋಷಣೆಗೆ ಮುಂಚೆಯೇ ಮಾಡಿಬಿಡಿ. ಬ್ಯಾಂಕುಗಳು ಹೊಸ ಠೇವಣಿಯ ದರ ಇಳಿಸಲು ಬಹಳ ದಿನ ಕಾಯುವುದಿಲ್ಲ. ನಿಮ್ಮದು ಠೇವಣಿ ಪತ್ರದಲ್ಲಿ ಬರೆದದ್ದು ಬರೆದ ಹಾಗೆಯೇ ಇರುತ್ತದೆ. ಏರುವ ಮಾತಿದ್ದರೆ ಮೂರು ಆರು ತಿಂಗಳ ಚಿಕ್ಕ ಅವಧಿಗೆ ಇಟ್ಟು ನೋಡಬಹುದು. ಒಂದೇ ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ಮಾತ್ರ ಠೇವಣಿ ವಿಮೆ ಇರುವುದನ್ನು ಮರೆಯಬೇಡಿ, ಅದರಲ್ಲೂ ಸಣ್ಣ ಸಹಕಾರಿ ಬ್ಯಾಂಕಿನಲ್ಲಿ ಅರ್ಧ ಪರ್ಸೆಂಟ್ ಹೆಚ್ಚಿನ ಆಸೆಗೆ ನಿವೃತ್ತಿಯ ಗಂಟನ್ನೆಲ್ಲ ಇಡುವವರು.

ಸಾಲಪತ್ರ ಫಂಡಿನ ಮಾಹಿತಿ ಹಾಳೆಯಲ್ಲಿ ‘ಮಾಡಿಫೈಡ್ ಡ್ಯುರೇಷನ್’ ಎಂಬ ಒಂದು ಸಂಖ್ಯೆ ಇರುತ್ತದೆ. ಅದು 7 ಎಂದಿದ್ದರೆ, ಪೇಟೆಯ ಬಡ್ಡಿ ಶೇ 0.25 ಇಳಿದಾಗ ಫಂಡಿನ ಬೆಲೆ ಸುಮಾರು ಶೇ 1.75 ಏರುತ್ತದೆ, 0.25 ಏರಿದಾಗ ಅಷ್ಟೇ ಇಳಿಯುತ್ತದೆ. ಲಿಕ್ವಿಡ್ ಫಂಡಿನಲ್ಲಿ ಈ ಸಂಖ್ಯೆ ತೀರಾ ಚಿಕ್ಕದು, ಹಾಗಾಗಿ ಅದು ಅಲುಗುವುದಿಲ್ಲ. ಇಲ್ಲಿ ‘ಪೇಟೆಯ ಬಡ್ಡಿ’ ಅಂದದ್ದನ್ನು ಗಮನಿಸಿ. ರೆಪೊ ಇಳಿದ ದಿನವೇ ಹತ್ತು ವರ್ಷದ ಸರ್ಕಾರಿ ಸಾಲಪತ್ರದ ಬಡ್ಡಿಯೂ ಇಳಿಯಬೇಕೆಂದಿಲ್ಲ. ಜೂನ್ 6ರ ಕಥೆ ಮೇಲೆ ಹೇಳಿದೆನಲ್ಲ.

ಘೋಷಣೆಯ ದಿನ

ಪೇಟೆ 9.15ಕ್ಕೆ ತೆರೆಯುತ್ತದೆ. 9.15ರಿಂದ 10ರವರೆಗೆ ನಡೆಯುವುದು ಬರೀ ಹೆಜ್ಜೆ ಅಳೆಯುವ ಆಟ. 10ಕ್ಕೆ ಗವರ್ನರ್ ಓದಲು ಶುರುಮಾಡಿ ದರ ಹೇಳಿದ ಕ್ಷಣದಿಂದ ಮೊದಲ ಅರ್ಧ ಗಂಟೆ ಬೆಲೆಗಳು ಕಾದ ಕಾವಲಿಗೆ ಬಿದ್ದ ನೀರಿನ ಹನಿಯಂತೆ. ಎಷ್ಟೋ ಸಲ ಮೊದಲ ಹತ್ತು ನಿಮಿಷದ ದಿಕ್ಕು ಮಧ್ಯಾಹ್ನಕ್ಕೆ ತಿರುಗಿರುತ್ತದೆ. 12ಕ್ಕೆ ಪತ್ರಕರ್ತರ ಪ್ರಶ್ನೋತ್ತರ. ಒಂದೊಂದು ಸಲ ಭಾಷಣಕ್ಕಿಂತ ಅಲ್ಲಿ ಬಾಯಿತಪ್ಪಿ ಬಂದ ಮಾತಿಗೇ ಬೆಲೆ ಜಾಸ್ತಿ.

ಮಡಚಿಟ್ಟ ಹಾಳೆ ಈಗ ತೆಗೆಯಿರಿ. ನಿರೀಕ್ಷೆಯ ಎದುರು ದರ ಏನಾಯಿತು ಎಂದು ಬರೆಯಿರಿ. ಆಮೇಲೆ ಮತ: ಆರಕ್ಕೆ ಆರೂ ಒಂದೇ ಕಡೆಯೋ, ನಾಲ್ಕು–ಎರಡು ಒಡೆದಿದೆಯೋ? ಒಡೆದಿದ್ದರೆ ಮುಂದಿನ ಸಭೆಯ ಸುಳಿವು ಅಲ್ಲಿದೆ. ನಿಲುವಿನ ಪದ ಬದಲಾಗಿದೆಯೇ? ಮುಂದಿನ ತ್ರೈಮಾಸಿಕಗಳ ಹಣದುಬ್ಬರದ ಅಂದಾಜನ್ನು ಏರಿಸಿದರೋ ಇಳಿಸಿದರೋ? ನಗದು ಮೀಸಲಿನ ಬಗ್ಗೆ ಏನಾದರೂ ಹೇಳಿದರೋ? ಯಾರು ಏಕೆ ಹಾಗೆ ಮತ ಹಾಕಿದರು ಎನ್ನುವ ನಡಾವಳಿ 14ನೇ ದಿನ ಹೊರಬರುತ್ತದೆ. ಅದನ್ನು ಓದುವವರು ಕಡಿಮೆ, ಆದರೆ ಟಿ.ವಿ. ಚರ್ಚೆಗಿಂತ ಅದು ಎಷ್ಟೋ ವಾಸಿ.

ಕೊಳ್ಳಲೇಬೇಕೆಂದು ದುಡ್ಡು ಇಟ್ಟುಕೊಂಡಿದ್ದರೆ ಮೂರು ಪಾಲು ಮಾಡಿ: ಒಂದು ಘೋಷಣೆಯ ಮರುದಿನ, ಇನ್ನೊಂದು ಎರಡು ವಾರ ಬಿಟ್ಟು, ಮೂರನೆಯದು ತಿಂಗಳಾದ ಮೇಲೆ. ಪ್ರತಿ ಸಲವೂ ಲಿಮಿಟ್ ಆರ್ಡರ್, ಅಂದರೆ ‘ಇಷ್ಟಕ್ಕಿಂತ ಹೆಚ್ಚು ಕೊಡುವುದಿಲ್ಲ’ ಎಂದು ಬೆಲೆ ಕಟ್ಟಿ ಹಾಕಿ. ಸಿಕ್ಕಿದ ಬೆಲೆಗೆ ಕೊಳ್ಳುವ ಮಾರ್ಕೆಟ್ ಆರ್ಡರ್ ಆ ಹೊತ್ತಿನಲ್ಲಿ ಕೈ ಸುಡುತ್ತದೆ. ಛತ್ರದಲ್ಲಿ ನನಗೆ ಆದದ್ದು ಅದೇ, ಒಂದೆರಡು ಷೇರು ಪರದೆಯಲ್ಲಿ ಕಂಡ ಬೆಲೆಗಿಂತ ಸಾಕಷ್ಟು ಕೆಳಗೆ ಹೋದವು. ಸ್ಟಾಪ್‌ಲಾಸ್ (ಬೆಲೆ ಇಷ್ಟಕ್ಕಿಳಿದರೆ ಮಾರಿಬಿಡಿ ಎನ್ನುವ ಆರ್ಡರ್) ಹಾಕಿದ್ದೇನೆ ಎನ್ನುವ ಧೈರ್ಯವೂ ಪೂರ್ತಿ ಬೇಡ. 500ಕ್ಕೆ ಹಾಕಿದ್ದು, ಬೆಲೆ 505ರಿಂದ ನೇರ 488ಕ್ಕೆ ಹಾರಿದರೆ 500ರಲ್ಲಿ ಕೊಳ್ಳುವವರು ಯಾರೂ ಇರುವುದಿಲ್ಲ.

ಅಮೆರಿಕದ ತೀರ್ಮಾನದ ರಾತ್ರಿಗೆ ನನ್ನ ಸಲಹೆ ಒಂದೇ: ಮಲಗಿ. ನೀವು ಎಚ್ಚರವಿದ್ದರೂ ನಮ್ಮ ಪೇಟೆ ಬೆಳಿಗ್ಗೆ 9.15ರವರೆಗೆ ಮುಚ್ಚಿರುತ್ತದೆ.

ಗೃಹ ಸಾಲದ ಕಡೆ ನೋಡಿದಿರಾ?

ಷೇರಿನ ಗಲಾಟೆಯಲ್ಲಿ ಬಹಳ ಜನ ಮರೆಯುವುದು ಇದು. ನನ್ನ ಪ್ರಕಾರ ಬಡ್ಡಿ ಘೋಷಣೆಯಿಂದ ಸಾಮಾನ್ಯರಿಗೆ ಖಚಿತವಾಗಿ ದುಡ್ಡು ಉಳಿಯುವ ಜಾಗ ಇದೊಂದೇ. 30 ಲಕ್ಷ ಸಾಲ, 20 ವರ್ಷ, ಶೇ 8.5 ಬಡ್ಡಿ ಎಂದಿಟ್ಟುಕೊಳ್ಳಿ. ತಿಂಗಳ ಕಂತು 26,035 ರೂಪಾಯಿ. ಬಡ್ಡಿ 8.25ಕ್ಕೆ ಇಳಿದರೆ ಕಂತು 25,562, ತಿಂಗಳಿಗೆ 473 ಉಳಿತಾಯ. ಇಪ್ಪತ್ತು ವರ್ಷಕ್ಕೆ 1.13 ಲಕ್ಷ. ಆದರೆ ಕಂತನ್ನು ಇಳಿಸದೆ ಮೊದಲಿನಷ್ಟೇ ಕಟ್ಟುತ್ತಾ ಹೋದರೆ ಸಾಲ ಹತ್ತಿರ ಹತ್ತಿರ 11 ತಿಂಗಳು ಬೇಗ ತೀರುತ್ತದೆ, ಉಳಿಯುವುದು ಸುಮಾರು 2.78 ಲಕ್ಷ. ತಿಂಗಳ ಖರ್ಚಿಗೆ ತೀರಾ ಬಿಗಿಯಿಲ್ಲದಿದ್ದರೆ ಎರಡನೆಯದನ್ನೇ ಕೇಳಿ.

ಘೋಷಣೆಯಾದ ವಾರ ಬ್ಯಾಂಕಿಗೆ ಹೋಗಿ ನಾಲ್ಕು ವಿಷಯ ಕೇಳಿ ಬನ್ನಿ. ನನ್ನ ಸಾಲ ರೆಪೊಗೆ ಜೋಡಣೆಯಾಗಿದೆಯೋ, ಬ್ಯಾಂಕ್ ತನ್ನದೇ ಖರ್ಚಿನ ಲೆಕ್ಕದ ಮೇಲೆ ಬಡ್ಡಿ ಕಟ್ಟುವ ಹಳೆಯ ಎಂಸಿಎಲ್‌ಆರ್ ಪದ್ಧತಿಯಲ್ಲೇ ಇನ್ನೂ ಇದೆಯೋ. ಹಳೆಯದಾದರೆ ಬದಲಾಯಿಸಲು ಎಷ್ಟು ಶುಲ್ಕ. ನನ್ನ ಬಡ್ಡಿ ಪರಿಷ್ಕರಣೆಯ ತಾರೀಖು ಯಾವುದು. ಇಳಿಕೆಯನ್ನು ಕಂತಿಗೆ ಕೊಡುತ್ತೀರೋ ಅವಧಿಗೆ ಕೊಡುತ್ತೀರೋ. 2022ರಲ್ಲಿ ದರ ಏರಿದಾಗ ಎಷ್ಟೋ ಜನರ ಸಾಲದ ಅವಧಿ ಅವರಿಗೆ ತಿಳಿಯದೆಯೇ ಉದ್ದವಾಗಿತ್ತು. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಈ ಬಗ್ಗೆ ನಿಯಮ ತಂದು, ಬಡ್ಡಿ ಪರಿಷ್ಕರಣೆಯಾಗುವಾಗ ಗ್ರಾಹಕರಿಗೆ ತಿಳಿಸಿ ಅವರ ಆಯ್ಕೆ ಕೇಳಬೇಕೆಂದು ಹೇಳಿದೆ. ಬದಲಾಗುವ ಬಡ್ಡಿಯ ಗೃಹ ಸಾಲಕ್ಕೆ ಮುಂಚಿತವಾಗಿ ಕಟ್ಟಿದರೆ ದಂಡವೂ ಇಲ್ಲ.

ಮೇಷ್ಟ್ರು ಆ ಶುಕ್ರವಾರ ಏನನ್ನೂ ಮಾರಲಿಲ್ಲ. ಮುಂದಿನ ವಾರ ಮಗನ ಗೃಹ ಸಾಲದ ಕಾಗದ ಹಿಡಿದುಕೊಂಡು ಬಂದರು. ಅದರಲ್ಲಿ ಅವರದೂ ಸಹಿ ಇದೆ. ಮೇಲಿನ 30 ಲಕ್ಷದ ಲೆಕ್ಕವನ್ನು ಉದಾಹರಣೆಗೆಂದು ಅವರ ಮುಂದೆ ಬರೆದು, 240 ಕಂತು 229 ಆಗುತ್ತದೆ ಎಂದೆ. ಕನ್ನಡಕ ಮೇಲಕ್ಕೇರಿಸಿ, ನನ್ನ ಕ್ಯಾಲ್ಕುಲೇಟರ್ ಎಳೆದುಕೊಂಡು ಐದು ನಿಮಿಷ ಗುದ್ದಿದರು.

“229 ಅಲ್ಲಪ್ಪ, 229.33. ಆಮೇಲೂ ಒಂದು ಕಂತು ಇರುತ್ತೆ, ಮೂರನೇ ಒಂದು ಭಾಗದಷ್ಟು. ಅದನ್ನೂ ಬರಿ.”

ಬರೆದುಕೊಂಡೆ.